ಪುಟ್ಟ ಆಡಿಯೋ ಇಂಟರ್‌ಫೇಸ್: ಯಾವ ಡಬ್ಬಿ ಯಾರಿಗೆ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು, ಪಾಡ್‌ಕಾಸ್ಟ್ ಮಾಡಲು, ಲೈವ್ ಸ್ಟ್ರೀಮ್ ಮಾಡಲು ಅಂತ ಸಿಗುವ, ಮೈಕ್ ಮತ್ತು ವಾದ್ಯದ ಸದ್ದನ್ನು ಕಂಪ್ಯೂಟರ್‌ಗೆ ಕೊಡುವ ಪುಟ್ಟ ಆಡಿಯೋ ಇಂಟರ್‌ಫೇಸ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಒಂದೋ ಎರಡೋ ಮೈಕ್ ಸಾಕೆಟ್, ಒಂದು ಹೆಡ್‌ಫೋನ್ ಸಾಕೆಟ್, ಮೇಲೆ ನಾಲ್ಕಾರು ಗುಂಡಿ. ಬಹುತೇಕ ಪೆಟ್ಟಿಗೆಗಳ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಯಾಕೆ ಕೊಳ್ಳಬೇಕು?

ಒಳ್ಳೆಯ ಕಂಪನಿಗಳ ಡಬ್ಬಿಗಳ ನಡುವೆ ಧ್ವನಿಯ ಗುಣಮಟ್ಟದ ಅಂತರ ಈಗ ತುಂಬಾ ಸಣ್ಣದು. ನಿಜವಾದ ಅಂತರ ಇರುವುದು ಬೇರೆ ಕಡೆ. ಮೈಕ್‌ಗೆ ಸಾಲುವಷ್ಟು ಗೇನ್ (ಸಿಗ್ನಲ್ ಹಿಗ್ಗಿಸುವ ಶಕ್ತಿ) ಇದೆಯಾ, ಡ್ರೈವರ್ (ಡಬ್ಬಿಗೂ ಕಂಪ್ಯೂಟರ್‌ಗೂ ನಂಟು ಬೆಸೆಯುವ ಸಾಫ್ಟ್‌ವೇರ್) ಹೇಗಿದೆ, ಲೂಪ್‌ಬ್ಯಾಕ್ (ಕಂಪ್ಯೂಟರ್ ಸದ್ದನ್ನೇ ಇನ್‌ಪುಟ್ ಆಗಿ ವಾಪಸ್ ಕೊಡುವುದು) ಇದೆಯಾ, ಬೇಕಾದ ಗುಂಡಿ ಬೇಕಾದಾಗ ಕೈಗೆ ಸಿಗುತ್ತದಾ. ಈ ನಾಲ್ಕು ಪ್ರಶ್ನೆಗೆ ಉತ್ತರ ನಿಮ್ಮ ಮೈಕ್ ಯಾವುದು, ನಿಮ್ಮ ಕೆಲಸ ಯಾವುದು ಎಂಬುದರ ಮೇಲೆ ನಿಂತಿದೆ. ಅದಕ್ಕೇ ನಾನು ಯಾರಿಗೇ ಸಲಹೆ ಕೊಟ್ಟರೂ ಮೊದಲು ಕೇಳುವುದು ಅವರ ಮೈಕ್ ಯಾವುದು ಅಂತ.

ಇಂಟರ್‌ಫೇಸ್ ಬೇಕೇ ಬೇಕಾ?

ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನೀವು ಒಬ್ಬರೇ, ಬರೀ ಮಾತಾಡುತ್ತೀರಿ, ಒಂದೇ ಕಂಪ್ಯೂಟರ್ ಮುಂದೆ ಕೂರುತ್ತೀರಿ ಅಂದರೆ ಒಂದು ಒಳ್ಳೆಯ ಯುಎಸ್‌ಬಿ ಮೈಕ್ ಸಾಕು. ಅದರೊಳಗೇ ಒಂದು ಪುಟ್ಟ ಇಂಟರ್‌ಫೇಸ್ ಇರುತ್ತದೆ. 2020ರಲ್ಲಿ ಬಂದ ಶ್ಯೂರ್ ಎಂವಿ7 ಥರದ ಮೈಕ್‌ಗಳಲ್ಲಿ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಇಂಟರ್‌ಫೇಸ್‌ಗೆ ಹೋಗುವ ಮೂರು ಪಿನ್ನಿನ ಮೈಕ್ ಸಾಕೆಟ್) ಎರಡೂ ಇವೆ. ಇವತ್ತು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಬಹುದು, ಮುಂದೊಂದು ದಿನ ಇಂಟರ್‌ಫೇಸ್ ಬಂದಾಗ ಅದೇ ಮೈಕನ್ನು ಅದಕ್ಕೆ ಹಾಕಬಹುದು. ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದವರಿಗೆ ಇದು ಒಳ್ಳೆಯ ದಾರಿ.

ಇಂಟರ್‌ಫೇಸ್ ಬೇಕಾಗುವುದು ಯಾವಾಗ? ಗಿಟಾರ್, ಕೀಬೋರ್ಡ್, ವೀಣೆಯ ಪಿಕಪ್ ಹೀಗೆ ವಾದ್ಯವನ್ನು ನೇರವಾಗಿ ಜೋಡಿಸಬೇಕಾದಾಗ. ಇಬ್ಬರು ಎದುರುಬದುರು ಕೂತು ಮಾತಾಡುವಾಗ. ಮೈಕನ್ನು ಮುಂದೆ ಬದಲಿಸುವ ಆಸೆ ಇದ್ದಾಗ. ಮೇಜಿನ ಮೇಲೆ ಸ್ಟುಡಿಯೋ ಸ್ಪೀಕರ್ ಇಡುವ ಯೋಚನೆ ಇದ್ದಾಗ. ಈ ನಾಲ್ಕರಲ್ಲಿ ಒಂದಕ್ಕಾದರೂ ಹೌದು ಅಂದಿರಾ? ಹಾಗಾದರೆ ಮುಂದೆ ಓದಿ.

ಮೊದಲು ಮೈಕ್, ಆಮೇಲೆ ಡಬ್ಬಿ

ಮೈಕ್‌ನಿಂದ ಹೊರಡುವ ಸಿಗ್ನಲ್ ತೀರಾ ಸಣ್ಣದು, ಬರೀ ಮಿಲಿವೋಲ್ಟ್‌ಗಳ ಲೆಕ್ಕ. ಅದನ್ನು ಸಾವಿರ ಪಟ್ಟು ಹಿಗ್ಗಿಸಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರ್‌ಗೆ ಕೊಡುವುದೇ ಇಂಟರ್‌ಫೇಸ್‌ನ ಮುಖ್ಯ ಕೆಲಸ. ಈ ಹಿಗ್ಗಿಸುವಿಕೆಗೆ ಗೇನ್ ಅನ್ನುತ್ತಾರೆ. ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 60 ಡೆಸಿಬೆಲ್ ಅಂದರೆ ವೋಲ್ಟೇಜ್ ಸಾವಿರ ಪಟ್ಟು.

ಎಷ್ಟು ಗೇನ್ ಬೇಕು ಅನ್ನುವುದು ಮೈಕ್‌ನಿಂದ ಮೈಕ್‌ಗೆ ವಿಪರೀತ ಬದಲಾಗುತ್ತದೆ. ಆಡಿಯೋ-ಟೆಕ್ನಿಕಾ ಎಟಿ2020 ಒಂದು ಸಾಮಾನ್ಯ ಕಂಡೆನ್ಸರ್ ಮೈಕ್, ಅಂದರೆ ಹೊರಗಿನಿಂದ ವಿದ್ಯುತ್ ಬೇಡುವ ಬಗೆ. 94 ಡೆಸಿಬೆಲ್ ಸದ್ದಿಗೆ ಅದು ಸುಮಾರು 14 ಮಿಲಿವೋಲ್ಟ್ ಕೊಡುತ್ತದೆ. ಪಾಡ್‌ಕಾಸ್ಟ್ ವಿಡಿಯೋಗಳಲ್ಲಿ ಎಲ್ಲೆಲ್ಲೂ ಕಾಣುವ ಶ್ಯೂರ್ ಎಸ್‌ಎಂ7ಬಿ ಡೈನಮಿಕ್ ಮೈಕ್, ಅಂದರೆ ವಿದ್ಯುತ್ ಬೇಡದ ಬಗೆ. ಅಷ್ಟೇ ಸದ್ದಿಗೆ ಅದು ಕೊಡುವುದು 1.12 ಮಿಲಿವೋಲ್ಟ್. ಹನ್ನೆರಡು ಪಟ್ಟಿಗಿಂತ ಜಾಸ್ತಿ ಅಂತರ! ವೇದಿಕೆಗಳ ಹಳೆಯ ಗೆಳೆಯ ಎಸ್‌ಎಂ58 ಕೂಡ 1.85 ಮಿಲಿವೋಲ್ಟ್ ಅಷ್ಟೇ. ಎಸ್‌ಎಂ7ಬಿಗೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು ಅಂತ ಶ್ಯೂರ್ ಕಂಪನಿಯೇ ಹೇಳುತ್ತದೆ.

ಈಗ ಡಬ್ಬಿಗಳನ್ನು ನೋಡಿ. ಯೂನಿವರ್ಸಲ್ ಆಡಿಯೋ ವೋಲ್ಟ್ 2 ಕೊಡುವ ಗೇನ್ 55 ಡೆಸಿಬೆಲ್. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ನಾಲ್ಕನೇ ತಲೆಮಾರಿನದು, 57. ಆಡಿಯೆಂಟ್ ಈವೋ 4 ಕೊಡುವುದು 58. ಮೋಟೂ ಎಂ2 ಕೊಡುವುದು 60. ಸಾಲಿಡ್ ಸ್ಟೇಟ್ ಲಾಜಿಕ್‌ನ ಎಸ್‌ಎಸ್‌ಎಲ್ 2 ಕೊಡುವುದು 62. ಸ್ಕಾರ್ಲೆಟ್ 2ಐ2, ನಾಲ್ಕನೇ ತಲೆಮಾರಿನದು, 69. ಎಲ್ಗಾಟೋ ವೇವ್ ಎಕ್ಸ್‌ಎಲ್‌ಆರ್ 75. ಸೋಲೋ ಮತ್ತು 2ಐ2 ಒಂದೇ ಕುಟುಂಬದ ಕೆಂಪು ಡಬ್ಬಿಗಳು. ಹೊರಗಿನಿಂದ ನೋಡಿದರೆ ಒಂದು ಮೈಕ್ ಸಾಕೆಟ್ಟಿನದಷ್ಟೇ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಗೇನ್‌ನಲ್ಲೇ 12 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಅಂತರ ಇದೆ. ಇದನ್ನು ಗಮನಿಸದೆ ಎಸ್‌ಎಂ7ಬಿ ಜೊತೆ ಸೋಲೋ ತಂದವರು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಇನ್ನೂ ಧ್ವನಿ ಸಣ್ಣಗಿದೆ ಅಂತ ಒದ್ದಾಡುತ್ತಾರೆ.

ಹಾಗಂತ 57 ಇದ್ದರೆ ಆಗುವುದೇ ಇಲ್ಲ ಅಂತಲ್ಲ. ಮೈಕ್‌ಗೆ ಹತ್ತಿರ, ಅಂದರೆ ನಾಲ್ಕೈದು ಬೆರಳಿನಷ್ಟು ದೂರದಲ್ಲಿ ಮಾತಾಡಿದರೆ ಸಿಗ್ನಲ್ ತುಂಬಾ ಏರುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಆಮೇಲೆ ಸಾಫ್ಟ್‌ವೇರ್‌ನಲ್ಲಿ 6 ರಿಂದ 10 ಡೆಸಿಬೆಲ್ ಎತ್ತಿದರೂ ಏನೂ ಕೆಡುವುದಿಲ್ಲ. ಗಟ್ಟಿ ದನಿಯವರಿಗೆ, ತೆರೆದ ಕಂಠದಲ್ಲಿ ಹಾಡುವವರಿಗೆ ಕಡಿಮೆ ಗೇನೇ ಸಾಕಾಗುತ್ತದೆ. ಕಷ್ಟ ಆಗುವುದು ಮೆಲುದನಿಯಲ್ಲಿ, ಮೈಕ್‌ನಿಂದ ಸ್ವಲ್ಪ ದೂರ ಕೂತು ಮಾತಾಡುವವರಿಗೆ. ಕಥೆ ಓದುವವರು, ಪಾಠ ಹೇಳುವವರು ಹೆಚ್ಚಾಗಿ ಹೀಗೇ ಮಾತಾಡುತ್ತಾರೆ.

ಕ್ಲೌಡ್‌ಲಿಫ್ಟರ್ ಸಿಎಲ್-1 ಥರದ ಬೂಸ್ಟರ್ ಡಬ್ಬಿ ನಡುವೆ ಹಾಕಿದರೆ ಸುಮಾರು 25 ಡೆಸಿಬೆಲ್ ಸೇರುತ್ತದೆ. ಅದು ಇಂಟರ್‌ಫೇಸ್ ಮೈಕ್ ತಂತಿಯಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಮೇಲೆ ನಡೆಯುತ್ತದೆ, ಆದರೆ ಆ ವೋಲ್ಟೇಜನ್ನು ಮೈಕ್‌ಗೆ ದಾಟಿಸುವುದಿಲ್ಲ. ಹಾಗಾಗಿ ಡೈನಮಿಕ್ ಮೈಕ್‌ಗೆ ಮಾತ್ರ ಅದು ಸರಿ, ಕಂಡೆನ್ಸರ್‌ಗೆ ಅಲ್ಲ. 2023ರಲ್ಲಿ ಶ್ಯೂರ್ ಎಸ್‌ಎಂ7ಡಿಬಿ ತಂದಾಗ ಈ ಬೂಸ್ಟರನ್ನು ಮೈಕ್‌ನೊಳಗೇ ಕೂರಿಸಿತು. ಅದರಲ್ಲಿ 18 ಅಥವಾ 28 ಡೆಸಿಬೆಲ್ ಆರಿಸಿಕೊಳ್ಳಬಹುದು. ನಿಮ್ಮ ಹತ್ತಿರ ಈಗಾಗಲೇ ಒಂದು ಇಂಟರ್‌ಫೇಸ್ ಇದ್ದರೆ ಬೂಸ್ಟರ್ ಜಾಣ ಖರೀದಿ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರು ಕಡಿಮೆ ಗೇನ್ ಡಬ್ಬಿ ತಂದು ಮೇಲೆ ಬೂಸ್ಟರ್ ಸೇರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆ ಹಣವನ್ನು ಜಾಸ್ತಿ ಗೇನ್ ಇರುವ ಡಬ್ಬಿಗೇ ಹಾಕಿ.

ಕಂಡೆನ್ಸರ್ ಮೈಕ್ ಇದ್ದವರು ಈ ತಲೆನೋವನ್ನೆಲ್ಲ ಮರೆಯಬಹುದು. ಮೇಲೆ ಹೇಳಿದ ಯಾವ ಡಬ್ಬಿಯಾದರೂ ಅದಕ್ಕೆ ಸಾಕು, 48 ವೋಲ್ಟ್ ಬಟನ್ ಒತ್ತಿದರೆ ಆಯಿತು. ಆದರೆ ಕಂಡೆನ್ಸರ್ ಕಿವಿ ಚುರುಕು. ಫ್ಯಾನ್, ಕೀಬೋರ್ಡಿನ ಟಕಟಕ, ಪಕ್ಕದ ರಸ್ತೆ, ಗೋಡೆಯ ಮಾರ್ದನಿ ಎಲ್ಲವೂ ಸೇರಿಕೊಳ್ಳುತ್ತವೆ. ಸದ್ದಿನ ಮನೆಯಲ್ಲಿ ಸ್ಟ್ರೀಮ್ ಮಾಡುವವರಿಗೆ ಡೈನಮಿಕ್ ಮೈಕ್ ಮತ್ತು ಜಾಸ್ತಿ ಗೇನ್ ಇರುವ ಇಂಟರ್‌ಫೇಸ್ ಜೋಡಿಯೇ ಲೇಸು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೈಕ್ ಸಿಗ್ನಲನ್ನು ಹಿಗ್ಗಿಸುವ ಭಾಗಕ್ಕೆ ಪ್ರೀಆಂಪ್ ಅನ್ನುತ್ತಾರೆ. ಅದರ ಸ್ವಂತ ಗದ್ದಲವನ್ನು ಇಐಎನ್ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಈ ಡಬ್ಬಿಗಳಲ್ಲಿ ಅದು ಮೈನಸ್ 127 ರಿಂದ ಮೈನಸ್ 129 ಡಿಬಿಯು ಆಸುಪಾಸು. ಸಾಮಾನ್ಯ ಮೈಕ್ ಜೊತೆ ಭೌತಶಾಸ್ತ್ರವೇ ಹಾಕಿರುವ ಮಿತಿ ಸುಮಾರು ಮೈನಸ್ 131. ಅಂದರೆ ಎಲ್ಲರೂ ಗಡಿಯ ಹತ್ತಿರವೇ ಬಂದಿದ್ದಾರೆ. ಒಂದೆರಡು ಡೆಸಿಬೆಲ್ ವ್ಯತ್ಯಾಸ ನಿಮ್ಮ ಕೋಣೆಯ ಫ್ಯಾನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

192 ಕಿಲೋಹರ್ಟ್ಸ್ ಬಗ್ಗೆ ಒಂದು ಮಾತು

ಬೇಡ. ಸೆಕೆಂಡಿಗೆ ಸದ್ದನ್ನು ಎಷ್ಟು ಸಾವಿರ ಸಲ ಅಳೆಯುತ್ತದೆ ಅನ್ನುವ ಅಂಕಿ ಇದು, ಒಂದೊಂದು ಅಳತೆಗೆ ಸ್ಯಾಂಪಲ್ ಅನ್ನುತ್ತಾರೆ. ವಿಡಿಯೋ, ಸ್ಟ್ರೀಮಿಂಗ್ ಎಲ್ಲ ನಡೆಯುವುದು 48ರಲ್ಲಿ. ಹಾಡಿಗೆ 44.1 ಅಥವಾ 48 ಸಾಕು. ಈವೋ 4 ಡಬ್ಬಿ 96ಕ್ಕೇ ನಿಲ್ಲುತ್ತದೆ ಅಂತ ಅದನ್ನು ಬಿಡುವುದು ತಪ್ಪು ಲೆಕ್ಕ. 24 ಬಿಟ್ ಮಾತ್ರ ನಿಜಕ್ಕೂ ಉಪಯೋಗದ್ದು. 16 ಬಿಟ್‌ನ ವ್ಯಾಪ್ತಿ 96 ಡೆಸಿಬೆಲ್, 24 ಬಿಟ್‌ನದು ಲೆಕ್ಕದ ಪ್ರಕಾರ 144. ಅಷ್ಟು ಜಾಗ ಇರುವುದರಿಂದಲೇ ನಾವು ಮಟ್ಟವನ್ನು ಮೈನಸ್ 12 ಡೆಸಿಬೆಲ್ ಹತ್ತಿರ ಇಟ್ಟುಕೊಂಡು, ಒಡೆಯುವ ಭಯವಿಲ್ಲದೆ ರೆಕಾರ್ಡ್ ಮಾಡಬಹುದು.

ತಡ: ಹಾಡುವವರಿಗೆ ಪ್ರಾಣಸಂಕಟ, ಮಾತಾಡುವವರಿಗೆ ಅಷ್ಟಿಲ್ಲ

ನೀವು ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ ಹೆಡ್‌ಫೋನ್‌ಗೆ ವಾಪಸ್ ಬರಲು ಹಿಡಿಯುವ ಸಮಯಕ್ಕೆ ಲೇಟೆನ್ಸಿ ಅನ್ನುತ್ತಾರೆ. ಕಂಪ್ಯೂಟರ್ ಧ್ವನಿಯನ್ನು ಒಂದೊಂದೇ ಹನಿಯಾಗಿ ತೆಗೆದುಕೊಳ್ಳುವುದಿಲ್ಲ, ಬಕೆಟ್ ತುಂಬಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಬಕೆಟ್ ಹೆಸರು ಬಫರ್. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ತುಂಬಲು 2.7 ಮಿಲಿಸೆಕೆಂಡ್ ಬೇಕು. 256ಕ್ಕೆ 5.3. 512ಕ್ಕೆ 10.7. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಇದರ ಮೇಲೆ ಡ್ರೈವರ್ ತನ್ನದೂ ಒಂದಿಷ್ಟು ಸೇರಿಸುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ 10 ಮಿಲಿಸೆಕೆಂಡ್ ತಡ ಅಂದರೆ ಮೂರು ಮೀಟರ್ ಆಚೆಯ ಸ್ಪೀಕರ್ ಕೇಳಿದಷ್ಟು. ಗಿಟಾರ್ ನುಡಿಸುವವರು ಹೇಗೋ ಹೊಂದಿಕೊಳ್ಳುತ್ತಾರೆ. ಹಾಡುವವರಿಗೆ ಹಾಗಲ್ಲ. ತಮ್ಮದೇ ದನಿ ತಲೆಬುರುಡೆಯ ಮೂಲಕ ತಡವಿಲ್ಲದೆ ಕೇಳುತ್ತಿರುತ್ತದೆ, ಹೆಡ್‌ಫೋನ್‌ನದು ಹಿಂದೆ ಬರುತ್ತದೆ. ಎರಡೂ ಸೇರಿ ದನಿ ಪೊಳ್ಳಾಗಿ ಕೇಳಿಸುತ್ತದೆ, ಶ್ರುತಿ ಹಿಡಿಯುವುದು ಕಷ್ಟವಾಗುತ್ತದೆ.

ಇದಕ್ಕೆ ಎರಡು ಮದ್ದು. ಒಂದು ಡೈರೆಕ್ಟ್ ಮಾನಿಟರ್. ಮೈಕ್ ಸದ್ದು ಕಂಪ್ಯೂಟರ್ ಸುತ್ತಿ ಬರದೆ ಡಬ್ಬಿಯೊಳಗಿಂದಲೇ ಹೆಡ್‌ಫೋನ್‌ಗೆ ಹೋಗುತ್ತದೆ. ಬರೀ ದನಿ ಕೇಳಿಸಿಕೊಳ್ಳುವವರಿಗೆ ಇದೇ ಸಾಕು. ಇನ್ನೊಂದು ಒಳ್ಳೆಯ ಡ್ರೈವರ್. ಗಿಟಾರನ್ನು ಆಂಪ್ ಸಾಫ್ಟ್‌ವೇರ್ ಮೂಲಕ ನುಡಿಸುವವರಿಗೆ ಡೈರೆಕ್ಟ್ ಮಾನಿಟರ್‌ನಿಂದ ಏನೂ ಪ್ರಯೋಜನವಿಲ್ಲ, ಅವರಿಗೆ ಬೇಕಾದ ಸದ್ದು ಹುಟ್ಟುವುದೇ ಕಂಪ್ಯೂಟರ್‌ನಲ್ಲಿ ಅಲ್ವಾ. ಅವರಿಗೆ ಡ್ರೈವರ್ ಮುಖ್ಯ. ಈ ವಿಷಯದಲ್ಲಿ ಮೋಟೂ ಎಂ2ಗೆ ಒಳ್ಳೆಯ ಹೆಸರಿದೆ. 96 ಕಿಲೋಹರ್ಟ್ಸ್, 32 ಸ್ಯಾಂಪಲ್ ಬಫರ್‌ನಲ್ಲಿ ಹೋಗಿ ಬರುವ ಒಟ್ಟು ತಡ 2.5 ಮಿಲಿಸೆಕೆಂಡ್ ಅಂತ ಕಂಪನಿ ಹೇಳುತ್ತದೆ. ಅಷ್ಟು ಚಿಕ್ಕ ಬಫರ್ ತಡೆದುಕೊಳ್ಳಲು ಕಂಪ್ಯೂಟರ್ ಕೂಡ ಗಟ್ಟಿ ಇರಬೇಕು, ಅದು ಬೇರೆ ಮಾತು.

ವಿಂಡೋಸ್ ಬಳಸುವವರು ಒಂದನ್ನು ಖಚಿತ ಮಾಡಿಕೊಳ್ಳಿ. ಡಬ್ಬಿಗೆ ಕಂಪನಿಯದ್ದೇ ಆದ ಎಎಸ್‌ಐಒ ಡ್ರೈವರ್ ಇದೆಯಾ? ಎಎಸ್‌ಐಒ ಅನ್ನುವುದು ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಪದ್ಧತಿ, ವಿಂಡೋಸ್‌ನ ಸಾಮಾನ್ಯ ಆಡಿಯೋ ದಾರಿಯನ್ನು ಬಿಟ್ಟು ನೇರವಾಗಿ ಡಬ್ಬಿಯ ಜೊತೆ ಮಾತಾಡುತ್ತದೆ. ತೀರಾ ಅಗ್ಗದ ಕೆಲವು ಡಬ್ಬಿಗಳು ಸ್ವಂತ ಡ್ರೈವರ್ ಕೊಡದೆ ಎಎಸ್‌ಐಒ4ಆಲ್ ಅನ್ನುವ ಸಾರ್ವತ್ರಿಕ ಡ್ರೈವರ್ ಹಾಕಿಕೊಳ್ಳಿ ಅನ್ನುತ್ತವೆ. ಕೆಲಸ ನಡೆಯುತ್ತದೆ, ಆದರೆ ಅದು ಡಬ್ಬಿಯನ್ನು ಹಿಡಿದಿರುವಾಗ ಬೇರೆ ಸಾಫ್ಟ್‌ವೇರ್‌ಗೆ ಸದ್ದು ಸಿಗದೆ ಹೋಗಬಹುದು. ರೆಕಾರ್ಡಿಂಗ್ ಮತ್ತು ಸ್ಟ್ರೀಮಿಂಗ್ ಒಟ್ಟಿಗೆ ಮಾಡುವವರಿಗೆ ಇದು ಕಿರಿಕಿರಿ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಇರುವುದರಿಂದ ಈ ತೊಂದರೆ ಇಲ್ಲ. ಲಿನಕ್ಸ್‌ನಲ್ಲಿ ಕ್ಲಾಸ್ ಕಂಪ್ಲಯೆಂಟ್, ಅಂದರೆ ಬೇರೆ ಡ್ರೈವರ್ ಬೇಡ ಅಂತ ಬರೆದ ಡಬ್ಬಿಗಳು ಸುಮ್ನೆ ಚುಚ್ಚಿದರೆ ನಡೆಯುತ್ತವೆ. ಸ್ಕಾರ್ಲೆಟ್ ಸರಣಿಯ ನಿಯಂತ್ರಣಗಳಿಗೆ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ, ಲಿನಕ್ಸ್ ಬಳಗಕ್ಕೆ ಅದು ದೊಡ್ಡ ನೆಮ್ಮದಿ.

ಬರೀ ಮಾತಾಡಿ ಸ್ಟ್ರೀಮ್ ಮಾಡುವವರು ಈ ಅಂಕಿಗಳ ಹಿಂದೆ ಬೀಳಬೇಕಾಗಿಲ್ಲ. ಬಫರ್ 256 ಅಥವಾ 512 ಇಟ್ಟುಕೊಳ್ಳಿ. ಸದ್ದು ಪಟಪಟ ಅನ್ನದೆ ಸ್ಥಿರವಾಗಿರುವುದೇ ನಿಮಗೆ ಮುಖ್ಯ.

ಲೂಪ್‌ಬ್ಯಾಕ್

ಕಂಪ್ಯೂಟರ್‌ನಲ್ಲಿ ಆಡುತ್ತಿರುವ ಸದ್ದನ್ನು, ಅಂದರೆ ಗೇಮ್, ಹಿನ್ನೆಲೆ ಸಂಗೀತ, ಕರೆಯಲ್ಲಿರುವ ಅತಿಥಿಯ ದನಿಯನ್ನು, ಮತ್ತೆ ಒಂದು ಇನ್‌ಪುಟ್ ಆಗಿ ವಾಪಸ್ ಕೊಡುವ ಸೌಕರ್ಯ ಇದು. ಸ್ಟ್ರೀಮ್ ಮಾಡುವವರಿಗೆ ಅಂತಲೇ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ನಿಮಗೆ ಬೇಕಾ ಅನ್ನುವುದು ನಿಮ್ಮ ಸಾಫ್ಟ್‌ವೇರ್ ಮೇಲೆ ನಿಂತಿದೆ.

ವಿಂಡೋಸ್‌ನಲ್ಲಿ ಒಬಿಎಸ್ ಅನ್ನುವ ಸ್ಟ್ರೀಮಿಂಗ್ ಸಾಫ್ಟ್‌ವೇರ್ ಬಳಸಿದರೆ ಕಂಪ್ಯೂಟರ್ ಸದ್ದನ್ನು ಅದೇ ಹಿಡಿಯುತ್ತದೆ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಒಂದೊಂದು ಸಾಫ್ಟ್‌ವೇರ್ ಸದ್ದನ್ನು ಬೇರೆ ಬೇರೆಯಾಗಿ ಹಿಡಿಯುವ ಸೌಕರ್ಯವೂ ಇದೆ. ಗೇಮ್ ಒಂದು ಕಡೆ, ಸಂಗೀತ ಇನ್ನೊಂದು ಕಡೆ. ಅಂಥವರಿಗೆ ಲೂಪ್‌ಬ್ಯಾಕ್ ಇಲ್ಲದ ಡಬ್ಬಿಯಾದರೂ ನಡೆದೀತು. ಆದರೆ ಮೊಬೈಲ್ ಅಥವಾ ಟ್ಯಾಬ್ಲೆಟ್‌ನಿಂದ ನೇರ ಪ್ರಸಾರ ಮಾಡುವವರು, ವಿಡಿಯೋ ಕರೆಯಲ್ಲಿ ತಂಬೂರಿಯೋ ಟ್ರ್ಯಾಕೋ ಹಾಕಿಕೊಂಡು ಹಾಡು ಕಲಿಸುವವರು, ಬ್ರೌಸರ್‌ನಿಂದ ಸ್ಟ್ರೀಮ್ ಮಾಡುವವರು ಲೂಪ್‌ಬ್ಯಾಕ್ ಇರುವ ಡಬ್ಬಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೇ ಇನ್‌ಪುಟ್ ಆರಿಸಲು ಅವಕಾಶ, ಅದರಲ್ಲೇ ದನಿಯೂ ಸಂಗೀತವೂ ಬರಬೇಕು. ಸಾಫ್ಟ್‌ವೇರ್ ಅಡ್ಡದಾರಿಗಳಿವೆ, ಮ್ಯಾಕ್‌ಗೆ ಬ್ಲ್ಯಾಕ್‌ಹೋಲ್ ಅನ್ನುವ ಉಚಿತ ಡ್ರೈವರ್ ಇದೆ. ಆದರೆ ಪಾಠ ಶುರುವಾಗುವ ಹೊತ್ತಿಗೆ ಸೆಟ್ಟಿಂಗ್ ಹುಡುಕುತ್ತಾ ಕೂರುವುದು ಯಾರಿಗೆ ಬೇಕು?

ಒಂದು ಎಚ್ಚರ. ಕರೆಯಲ್ಲಿ ಲೂಪ್‌ಬ್ಯಾಕ್ ಹಾಕಿದರೆ ಎದುರಿನವರ ದನಿ ಅವರಿಗೇ ವಾಪಸ್ ಹೋಗಿ ಪ್ರತಿಧ್ವನಿ ಆಗಬಹುದು. ಕೆಲವು ಡಬ್ಬಿಗಳು ಯಾವ ಸದ್ದು ವಾಪಸ್ ಹೋಗಬೇಕು ಅಂತ ಆರಿಸಲು ಬಿಡುತ್ತವೆ. ಈವೋ 4 ಮತ್ತು ಸ್ಕಾರ್ಲೆಟ್‌ಗಳಲ್ಲಿ ಲೂಪ್‌ಬ್ಯಾಕ್ ಪ್ರತ್ಯೇಕ ಚಾನೆಲ್ ಆಗಿ ಬರುತ್ತದೆ, ಮೈಕ್ ಜೊತೆ ಕಲಸಿಹೋಗುವುದಿಲ್ಲ. ರೆಕಾರ್ಡ್ ಮಾಡಿ ಆಮೇಲೆ ಎಡಿಟ್ ಮಾಡುವವರಿಗೆ ಇದು ತುಂಬಾ ಅನುಕೂಲ.

ಡಬ್ಬಿಗಳು ಎದುರುಬದುರು

ಸ್ಕಾರ್ಲೆಟ್ ಸೋಲೋ ಮತ್ತು 2ಐ2 ನಡುವೆ ತೂಗುವವರೇ ಜಾಸ್ತಿ. ಸೋಲೋದಲ್ಲಿ ಒಂದು ಮೈಕ್, ಒಂದು ವಾದ್ಯ. ಹಾಡಿಕೊಂಡು ಗಿಟಾರ್ ನುಡಿಸುವ ಒಬ್ಬರಿಗೆ ಹೇಳಿ ಮಾಡಿಸಿದಂತಿದೆ. ಆದರೆ 2ಐ2ನಲ್ಲಿ ಎರಡನೇ ಮೈಕ್ ಅಲ್ಲದೆ ಆಟೋ ಗೇನ್, ಕ್ಲಿಪ್ ಸೇಫ್ ಅನ್ನುವ ಎರಡು ಸೌಕರ್ಯ ಇವೆ, ಸೋಲೋದಲ್ಲಿ ಇಲ್ಲ. ಆಟೋ ಗೇನ್ ಒತ್ತಿ ಕೆಲವು ಸೆಕೆಂಡ್ ಹಾಡಿದರೆ ಮಟ್ಟವನ್ನು ತಾನೇ ಹೊಂದಿಸುತ್ತದೆ. ಕ್ಲಿಪ್ ಸೇಫ್ ಹಾಕಿದ್ದರೆ ಸದ್ದು ಒಡೆಯುವ ಹಂತಕ್ಕೆ ಬಂದಾಗ ಗೇನನ್ನು ತಾನೇ ಇಳಿಸುತ್ತದೆ. ಒಬ್ಬರೇ ಕೂತು ಹಾಡುತ್ತಾ, ರೆಕಾರ್ಡಿಂಗ್ ಕೂಡ ನೋಡಿಕೊಳ್ಳಬೇಕಾದಾಗ ಇವೆರಡೂ ನಿಜಕ್ಕೂ ಕೈ ಹಿಡಿಯುತ್ತವೆ. ಕೈಗೆಟುಕುವಂತಿದ್ದರೆ ನಾನು ಪ್ರತಿ ಸಲವೂ 2ಐ2 ಅನ್ನುತ್ತೇನೆ. ನಾಲ್ಕನೇ ತಲೆಮಾರಿನಲ್ಲಿ ಎಕ್ಸ್‌ಎಲ್‌ಆರ್ ಸಾಕೆಟ್‌ಗಳು ಹಿಂಭಾಗಕ್ಕೆ ಹೋಗಿವೆ. ಮೇಜು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಪದೇ ಪದೇ ಮೈಕ್ ಬದಲಿಸುವವರಿಗೆ ಕಿರಿಕಿರಿ.

ಆಡಿಯೆಂಟ್ ಈವೋ 4 ಬಂದದ್ದು 2020ರಲ್ಲಿ. ತಾನೇ ಗೇನ್ ಹೊಂದಿಸುವ ಸೌಕರ್ಯವನ್ನು ಈ ಪುಟ್ಟ ಡಬ್ಬಿ ಆಗಲೇ ತಂದಿತ್ತು, ಅದನ್ನು ಅವರು ಸ್ಮಾರ್ಟ್‌ಗೇನ್ ಅನ್ನುತ್ತಾರೆ. ಎರಡು ಮೈಕ್‌ಗೂ ಒಟ್ಟಿಗೆ ಹೊಂದಿಸಬಹುದು. ಡಬ್ಬಿ ನಿಜಕ್ಕೂ ಚಿಕ್ಕದು, ಪ್ರಯಾಣದ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಕೊರತೆ ಅಂದರೆ ಇರುವುದೇ ಒಂದು ತಿರುಗುಗುಂಡಿ. ಮೈಕ್ 1, ಮೈಕ್ 2, ಸ್ಪೀಕರ್, ಹೆಡ್‌ಫೋನ್, ಎಲ್ಲಕ್ಕೂ ಮೊದಲು ಬಟನ್ ಒತ್ತಿ ಆಮೇಲೆ ಅದೇ ಗುಂಡಿ ತಿರುಗಿಸಬೇಕು. ಒಮ್ಮೆ ಹೊಂದಿಸಿ ಬಿಟ್ಟುಬಿಡುವವರಿಗೆ ಇದು ಚೆನ್ನ. ಲೈವ್ ನಡೆಯುವಾಗ ಥಟ್ಟನೆ ಒಂದನ್ನು ಇಳಿಸಬೇಕಾದವರಿಗೆ ಅಷ್ಟು ಹಿಡಿಸುವುದಿಲ್ಲ.

ಮೋಟೂ ಎಂ2 ಮುಖದ ಮೇಲೆ ಪುಟ್ಟ ಬಣ್ಣದ ಪರದೆ ಇದೆ. ಒಳಬರುವ, ಹೊರಹೋಗುವ ಸದ್ದಿನ ಮಟ್ಟ ಎರಡೂ ಮೀಟರ್ ಆಗಿ ಕಾಣುತ್ತವೆ. ಗುಂಡಿಯ ಸುತ್ತ ಹಸಿರು, ಕೆಂಪು ದೀಪ ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಪ್ರತಿ ಮೈಕ್‌ಗೂ ಬೇರೆ 48 ವೋಲ್ಟ್ ಬಟನ್, ಬೇರೆ ಮಾನಿಟರ್ ಬಟನ್, ಹಿಂದೆ ಕೀಬೋರ್ಡ್ ಥರದ ವಾದ್ಯಗಳ ಸ್ವರ ಸಂಕೇತಕ್ಕೆ ಮಿಡಿ ಸಾಕೆಟ್, ಜೊತೆಗೆ ಪವರ್ ಸ್ವಿಚ್. ಹೆಡ್‌ಫೋನ್ ಮತ್ತು ಸ್ಪೀಕರ್‌ಗೆ ಹೋಗುವ ಭಾಗ ಈ ಗುಂಪಿನಲ್ಲಿ ತುಂಬಾ ಶುದ್ಧ, 120 ಡೆಸಿಬೆಲ್ ವ್ಯಾಪ್ತಿಯದು. ಮಿಕ್ಸಿಂಗ್ ಕಲಿಯುವವರಿಗೆ, ಕೀಬೋರ್ಡ್ ನುಡಿಸುವವರಿಗೆ ನನ್ನ ಮೊದಲ ಆಯ್ಕೆ ಇದೇ.

ವೋಲ್ಟ್ ಮತ್ತು ಎಸ್‌ಎಸ್‌ಎಲ್ 2 ಬೇರೆಯೇ ರುಚಿಯವರಿಗೆ. ವೋಲ್ಟ್‌ನ ವಿಂಟೇಜ್ ಬಟನ್ ಒತ್ತಿದರೆ ಯೂನಿವರ್ಸಲ್ ಆಡಿಯೋದ ಹಳೆಯ 610 ಟ್ಯೂಬ್ ಪ್ರೀಆಂಪ್‌ನ ಬಣ್ಣ ಸದ್ದಿಗೆ ಸೇರುತ್ತದೆ. ಎಸ್‌ಎಸ್‌ಎಲ್ 2ನಲ್ಲಿ ಅಂಥದ್ದೇ 4ಕೆ ಬಟನ್, ಆ ಕಂಪನಿಯ ಹೆಸರಾಂತ 4000 ಸರಣಿ ಕನ್ಸೋಲ್‌ಗಳ ನೆನಪಿಗೆ. ಸದ್ದಿಗೆ ಒಂದಿಷ್ಟು ಮೆರುಗು ಬರುವುದು ನಿಜ. ಆದರೆ ಹೀಗೆ ರೆಕಾರ್ಡ್ ಮಾಡಿದ ಬಣ್ಣವನ್ನು ಆಮೇಲೆ ತೆಗೆಯಲು ಬರುವುದಿಲ್ಲ. ವೋಲ್ಟ್ 176 ಮತ್ತು 276ರಲ್ಲಿ 1176 ಮಾದರಿಯ ಕಂಪ್ರೆಸರ್, ಅಂದರೆ ಸದ್ದಿನ ಏರಿಳಿತವನ್ನು ತಗ್ಗಿಸುವ ಭಾಗ ಕೂಡ ಇದೆ. ದನಿಯ ಏರಿಳಿತ ಜಾಸ್ತಿ ಇರುವ ಹಾಡುಗಾರರು, ನೇರ ಪ್ರಸಾರ ಮಾಡುವವರು ಅದನ್ನು ಚೆನ್ನಾಗಿ ಬಳಸಿಕೊಳ್ಳಬಹುದು. ಎಸ್‌ಎಂ7ಬಿ ಇದ್ದವರು ಮಾತ್ರ ವೋಲ್ಟ್‌ನ 55 ಡೆಸಿಬೆಲ್ ಅಂಕಿಯನ್ನು ಮರೆಯಬಾರದು.

ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಹಳೆಯ ವಿನ್ಯಾಸ. ಮೈಡಾಸ್ ರೂಪಿಸಿದ ಎರಡು ಪ್ರೀಆಂಪ್, ಗಟ್ಟಿ ಲೋಹದ ಮೈ, ಹಳೆಯ ಥರದ ಚೌಕ ಯುಎಸ್‌ಬಿ ಸಾಕೆಟ್. ಕಲಿಯಲು ಶುರು ಮಾಡುವವರಿಗೆ, ಕಂಡೆನ್ಸರ್ ಮೈಕ್ ಇದ್ದವರಿಗೆ ಸಾಕಾದೀತು.

ಈಗ ಸ್ಟ್ರೀಮಿಂಗ್‌ಗೆಂದೇ ಮಾಡಿದವು. ಎಲ್ಗಾಟೋ ವೇವ್ ಎಕ್ಸ್‌ಎಲ್‌ಆರ್‌ಗೆ ಒಂದೇ ಮೈಕ್ ಸಾಕೆಟ್, ಒಂದು ಹೆಡ್‌ಫೋನ್ ಸಾಕೆಟ್. ಸ್ಪೀಕರ್ ಜೋಡಿಸಲು ಜಾಗವೇ ಇಲ್ಲ. ಆದರೆ ಮೇಲ್ಭಾಗವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಮೈಕ್ ಮ್ಯೂಟ್. ಅದರ ವೇವ್ ಲಿಂಕ್ ಸಾಫ್ಟ್‌ವೇರ್‌ನಲ್ಲಿ ಗೇಮ್, ಸಂಗೀತ, ಹರಟೆ ಎಲ್ಲಕ್ಕೂ ಬೇರೆ ಬೇರೆ ಪಟ್ಟಿ. ನಿಮಗೆ ಕೇಳುವ ಮಿಶ್ರಣ ಒಂದು, ನೋಡುಗರಿಗೆ ಹೋಗುವ ಮಿಶ್ರಣ ಇನ್ನೊಂದು. ಈ ಮ್ಯೂಟ್ ಬಟನ್ ವಿಷಯವನ್ನು ಕಡೆಗಣಿಸಬೇಡಿ. ಕೆಮ್ಮು ಬಂದಾಗ, ಮನೆಯವರು ಕರೆದಾಗ, ನೋಡದೆಯೇ ಕೈಗೆ ಸಿಗುವ ಒಂದು ಬಟನ್ ಎಷ್ಟು ನೆಮ್ಮದಿ ಕೊಡುತ್ತದೆ ಅನ್ನುವುದು ಗಂಟೆಗಟ್ಟಲೆ ಲೈವ್ ಇರುವವರಿಗೆ ಗೊತ್ತು. ಎಂ2, ಸೋಲೋ, ವೋಲ್ಟ್ ಥರದ ಸಂಗೀತದ ಡಬ್ಬಿಗಳಲ್ಲಿ ಆ ಬಟನ್ ಇಲ್ಲ.

ಯಮಹಾ ಎಜಿ03 ಎಂಕೆ2, 2022ರದ್ದು, ಅರ್ಧ ಮಿಕ್ಸರ್, ಅರ್ಧ ಇಂಟರ್‌ಫೇಸ್. ಮೈಕ್‌ಗೆ ಜಾರುವ ಫೇಡರ್, ಮ್ಯೂಟ್ ಬಟನ್, ಲೂಪ್‌ಬ್ಯಾಕ್, ಮೊಬೈಲ್ ಜೋಡಿಸಲು ಬೇರೆ ಸಾಕೆಟ್, ಒಳಗೇ ಕಂಪ್ರೆಸರ್, ಈಕ್ವಲೈಜರ್. ಮೊಬೈಲ್‌ನಿಂದ ಹಾಡು ಹಾಕಿಕೊಂಡು ಅದರ ಜೊತೆ ಹಾಡುವವರಿಗೆ ಇದಕ್ಕಿಂತ ಸುಲಭದ್ದು ಈ ಪಟ್ಟಿಯಲ್ಲಿ ಇಲ್ಲ. ಆದರೆ ಮಿಕ್ಸರ್‌ಗಳ ಒಂದು ಗುಣ ನೆನಪಿಡಿ. ನೇರ ಪ್ರಸಾರಕ್ಕೆ ಎಲ್ಲವನ್ನೂ ಕಲಸಿ ಕೊಡುತ್ತವೆ, ಆಮೇಲೆ ದನಿಯನ್ನು ಮಾತ್ರ ಬೇರೆ ತೆಗೆದು ತಿದ್ದುವ ಅವಕಾಶ ಇರುವುದಿಲ್ಲ. ಎಡಿಟಿಂಗ್ ನಿಮ್ಮ ಕೆಲಸದ ದೊಡ್ಡ ಭಾಗವಾದರೆ ಸಾಮಾನ್ಯ ಇಂಟರ್‌ಫೇಸ್ ಕಡೆಗೇ ಹೋಗಿ.

ಕೊನೆಯದಾಗಿ ಝೂಮ್ ಯುಎಸಿ-232, 2023ರದ್ದು. 32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ. ಪಿಸುಮಾತೂ ಕಿರುಚಾಟವೂ ಒಂದೇ ಸೆಟ್ಟಿಂಗ್‌ನಲ್ಲಿ ಕೆಡದೆ ಸಿಗುತ್ತದೆ. ನಾಟಕ, ಕಥೆ, ಚಂಡೆ ಮದ್ದಳೆಯಂಥ ಏರಿಳಿತದ ಸದ್ದು ಹಿಡಿಯುವವರಿಗೆ ನಿಜವಾದ ವರ. ಆದರೆ ಸ್ಟ್ರೀಮ್‌ಗೆ ಹೋಗುವ ಸದ್ದು ಕೊನೆಗೆ ಸಾಮಾನ್ಯ ಮಟ್ಟದೊಳಗೇ ಇರಬೇಕಲ್ಲ, ಹಾಗಾಗಿ ಲೈವ್ ಮಾಡುವವರಿಗೆ ಆ ಲಾಭ ಅಷ್ಟಾಗಿ ದಕ್ಕುವುದಿಲ್ಲ.

ಕೊಳ್ಳುವ ಮುನ್ನ ನೋಡಬೇಕಾದ ಸಣ್ಣಪುಟ್ಟವು

ಹೆಡ್‌ಫೋನ್ 250 ಓಮ್‌ನದಾದರೆ ಪುಟ್ಟ ಡಬ್ಬಿಗಳು ಅದನ್ನು ಜೋರಾಗಿ ನುಡಿಸಲು ತಿಣುಕಬಹುದು. 32 ರಿಂದ 80 ಓಮ್ ಒಳಗಿನದ್ದು ಎಲ್ಲದಕ್ಕೂ ಹೊಂದುತ್ತದೆ. ಇವೆಲ್ಲ ಯುಎಸ್‌ಬಿಯಿಂದಲೇ ವಿದ್ಯುತ್ ತೆಗೆದುಕೊಳ್ಳುವುದರಿಂದ ಪವರ್ ಇಲ್ಲದ ಅಗ್ಗದ ಹಬ್‌ಗೆ ಹಾಕಬೇಡಿ, ಫ್ಯಾಂಟಮ್ ಆನ್ ಮಾಡಿದ ಕೂಡಲೇ ತೊಂದರೆ ಶುರುವಾಗುತ್ತದೆ. ಐಫೋನ್ 15 ಮತ್ತು ಅದರ ನಂತರದವುಗಳಿಗೆ ಯುಎಸ್‌ಬಿ-ಸಿ ಇರುವುದರಿಂದ ನೇರವಾಗಿ ಜೋಡಿಸಬಹುದು. ಲೈಟ್ನಿಂಗ್ ಸಾಕೆಟ್‌ನ ಹಳೆಯ ಫೋನ್‌ಗಳಿಗೆ ಕ್ಯಾಮೆರಾ ಅಡಾಪ್ಟರ್ ಬೇಕು, ಅದಕ್ಕೆ ಚಾರ್ಜರ್ ಕೂಡ ಚುಚ್ಚಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಂಪನಿಯ ಡೌನ್‌ಲೋಡ್ ಪುಟಕ್ಕೆ ಹೋಗಿ ನಿಮ್ಮ ಈಗಿನ ವಿಂಡೋಸ್ ಅಥವಾ ಮ್ಯಾಕ್‌ಗೆ ಡ್ರೈವರ್ ಇದೆಯಾ ಅಂತ ಮೊದಲು ನೋಡಿ. ಡಬ್ಬಿ ಚೆನ್ನಾಗಿದ್ದು ಡ್ರೈವರ್ ನಿಂತುಹೋಗಿದ್ದರೆ ಅದು ಮೇಜಿನ ಮೇಲೆ ಸುಮ್ನೆ ಕೂರುತ್ತದೆ. ಫೈರ್‌ವೈರ್ ಅನ್ನುವ ಹಳೆಯ ಥರದ ಸಾಕೆಟ್ಟಿನ ಡಬ್ಬಿಗಳನ್ನಂತೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.

ತಂದ ದಿನ

ಡಬ್ಬಿಯ ಜೊತೆಗೆ ವಿಂಡೋಸ್, ಒಬಿಎಸ್, ರೆಕಾರ್ಡಿಂಗ್ ಸಾಫ್ಟ್‌ವೇರ್ ಮೂರರಲ್ಲೂ 48 ಕಿಲೋಹರ್ಟ್ಸ್ ಇಡಿ. ಒಂದರಲ್ಲಿ 44.1, ಇನ್ನೊಂದರಲ್ಲಿ 48 ಇದ್ದಾಗ ಪಟಪಟ ಸದ್ದು, ಆಗಾಗ ಸದ್ದು ತಪ್ಪಿಹೋಗುವುದು ಶುರುವಾಗುತ್ತದೆ. ಎಷ್ಟೋ ಜನ ಅದಕ್ಕೆ ಡಬ್ಬಿಯನ್ನೇ ವಾಪಸ್ ಕೊಡುತ್ತಾರೆ. ಒಬಿಎಸ್‌ನಲ್ಲಿ ನಿಮ್ಮ ದನಿ ಎಡಗಿವಿಗೆ ಮಾತ್ರ ಕೇಳಿಸಿದರೆ ಗಾಬರಿ ಬೇಡ. ಎರಡು ಇನ್‌ಪುಟ್‌ನ ಡಬ್ಬಿಯನ್ನು ಅದು ಒಂದು ಸ್ಟೀರಿಯೋ ಜೋಡಿ ಅಂದುಕೊಳ್ಳುತ್ತದೆ, ಮೈಕ್ 1 ಎಡಕ್ಕೆ, ಮೈಕ್ 2 ಬಲಕ್ಕೆ. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ಗೆ ಹೋಗಿ ಮೊನೊ ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಎರಡೂ ಕಿವಿಗೆ ಬರುತ್ತದೆ. ಅದೇ ಪುಟದಲ್ಲಿ ಸಿಂಕ್ ಆಫ್‌ಸೆಟ್ ಇದೆ. ಕ್ಯಾಮೆರಾ ಚಿತ್ರ ಸಾಮಾನ್ಯವಾಗಿ ಸದ್ದಿಗಿಂತ ಸ್ವಲ್ಪ ಹಿಂದೆ ಬರುತ್ತದೆ, ಹಾಗಾಗಿ ಮೈಕ್ ಸದ್ದನ್ನೂ ಅಷ್ಟು ತಡ ಮಾಡಬೇಕು. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ. ಕೈಗಳು ಕೂಡುವ ಚಿತ್ರಕ್ಕೂ ಸದ್ದಿಗೂ ಎಷ್ಟು ಅಂತರವಿದೆ ನೋಡಿ, ಅಷ್ಟೇ ಮಿಲಿಸೆಕೆಂಡ್ ಅಲ್ಲಿ ಬರೆಯಿರಿ.